ಯಾರ ಪೈಕಿ ಎಂದು ಕೇಳಿದ್ದಕ್ಕೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಈ ಕಥೆಯಲ್ಲಿ ಕಳ್ಳನೊಬ್ಬ ಮಾಡಿದ ಕೇಡು ಎಷ್ಟಿದೆಯೋ ನನ್ನ ಬಾಯಿ ಮಾಡಿದ ಕೇಡೂ ಅಷ್ಟೇ ಇದೆ. ಕಳ್ಳನನ್ನು ನಾನು ನೋಡಿಲ್ಲ, ನೋಡುವುದೂ ಇಲ್ಲ. ಬಾಯಿಯನ್ನು ಮಾತ್ರ ದಿನಾ ಜೊತೆಗೇ ಇಟ್ಟುಕೊಂಡು ಬಾಳಬೇಕು.

ನಮ್ಮೂರು ಆಂಧ್ರದ ಆದೋನಿ ಹತ್ತಿರದ ಪೆದ್ದಹರಿವಾಣಂ. ಕೆಲಸ ಮಾಡುವುದು ಹೈದರಾಬಾದಿನ ಒಂದು ಕಂಪನಿಗೆ. ದೊಡ್ಡ ಕೆಲಸವೇನಲ್ಲ. ಆಸ್ಪತ್ರೆಗಳವರು ತಮ್ಮ ಕಾಗದಗಳ ಫೋಟೋ ತೆಗೆದು ಕಳಿಸುತ್ತಾರೆ. ರೋಗಿಗೆ ಏನಾಗಿತ್ತು, ಏನು ಔಷಧಿ ಕೊಟ್ಟರು, ಎಷ್ಟು ದಿನ ಇಟ್ಟುಕೊಂಡರು ಎಂಬುದನ್ನೆಲ್ಲ ನಾವು ಓದಿ ಕಂಪ್ಯೂಟರಿಗೆ ಏರಿಸಬೇಕು. ಡಾಕ್ಟರುಗಳ ಅಕ್ಷರ ಓದುವುದು ಎಲ್ಲರ ಕೈಲೂ ಆಗುವುದಿಲ್ಲ. ನಾನು ಆದೋನಿಯ ಔಷಧಿ ಅಂಗಡಿಯೊಂದರಲ್ಲಿ ಎಂಟು ವರ್ಷ ನಿಂತವಳು. ಇರುವೆ ಮಸಿಯಲ್ಲಿ ಬಿದ್ದು ಹರಿದಾಡಿದಂಥ ಬರಹವನ್ನೂ ಓದಬಲ್ಲೆ. ಆ ಜಂಬ ನನಗಿದೆ, ಇಲ್ಲ ಅನ್ನುವುದಿಲ್ಲ.

ಕೊರೊನಾ ಬಂದಾಗ ಎಲ್ಲರೂ ಮನೆಯಿಂದಲೇ ಮಾಡಿ ಎಂದರು. ಅದು ಹೋದ ಮೇಲೆ ಪೂರ್ತಿ ವಾಪಸ್ ಕರೆಯಲಿಲ್ಲ. ಈಗ ವಾರದಲ್ಲಿ ಎರಡು ದಿನ ಆದೋನಿಯಲ್ಲಿ, ಬಟ್ಟೆ ಅಂಗಡಿಯ ಮೇಲಿನ ಸಣ್ಣ ಆಫೀಸಿನಲ್ಲಿ ಕೆಲಸ. ಉಳಿದ ದಿನ ಮನೆಯ ಪಡಸಾಲೆಯಲ್ಲಿ. ನನ್ನ ಮೇಜು ಎಂದರೆ ನನ್ನ ಹಳೆಯ ಹೊಲಿಗೆ ಮಷಿನ್ನು. ಮಷಿನ್ನಿನ ತಲೆಯನ್ನು ಒಳಗೆ ಮಡಚಿ ಮೇಲಿನ ಹಲಗೆಯ ಮೇಲೆ ಲ್ಯಾಪ್‌ಟಾಪ್ ಇಡುತ್ತೇನೆ. ಯೋಚನೆ ಹತ್ತಿದರೆ ಕಾಲು ತಾನಾಗಿ ಪೆಡಲು ತುಳಿಯುತ್ತದೆ. ಮೀಟಿಂಗಿನಲ್ಲಿ ಹೈದರಾಬಾದಿನ ಮೇಡಂ ಎಷ್ಟೋ ಸಲ ಅದೇನು ಟಕಟಕ ಎಂದು ಕೇಳಿದ್ದಾರೆ. ಪಕ್ಕದ ಮನೆಯಲ್ಲಿ ಹೊಲಿಗೆ ನಡೆದಿದೆ ಎಂದು ಸುಳ್ಳು ಹೇಳಿದ್ದೇನೆ.

ನಮ್ಮ ಕಡೆ ಹಗಲು ಹೊತ್ತಿನಲ್ಲಿ ಮನೆಯ ಬಾಗಿಲು ಹಾಕುವುದಿಲ್ಲ. ಹಾಕಿದರೆ ಒಳಗೆ ಜಗಳವಾಗಿದೆ ಅಥವಾ ಕೆಟ್ಟ ಸುದ್ದಿ ಬಂದಿದೆ ಎಂದೇ ಲೆಕ್ಕ. ಬಂದವರು ನೇರ ಪಡಸಾಲೆಗೇ ಬರುತ್ತಾರೆ, ಲ್ಯಾಪ್‌ಟಾಪಿನ ಮುಂದೆಯೇ ನಿಲ್ಲುತ್ತಾರೆ. ಒಮ್ಮೆ ನಮ್ಮ ಓಣಿಯವರದೇ ಕಾಗದ ನನ್ನ ಪರದೆಯ ಮೇಲೆ ಬಂತು. ಅವರಿಗೇನಾಗಿತ್ತು ಎಂದು ನಾನು ಇವತ್ತಿಗೂ ಗಂಡನಿಗೂ ಹೇಳಿಲ್ಲ. ಅಂದಿನಿಂದ ನೀರು ಕುಡಿಯಲು ಎದ್ದರೂ ಪರದೆ ಮುಚ್ಚಿ ಏಳುವುದನ್ನು ಕಲಿತೆ. ಅತ್ತೆಗೆ ಅದು ಹಿಡಿಸಲಿಲ್ಲ.

"ನಾ ಬಂದಕೂಡ್ಲೆ ಕರ್‍ರಗ ಮಾಡಿಬಿಡ್ತೀಯಲ್ಲ, ನಾ ಏನ್ ಹೊರಗಿನಾಕಿ ಏನು?" ಎಂದು ಒಂದು ವಾರ ಮುಖ ಊದಿಸಿಕೊಂಡಿದ್ದರು.

ಹೀಗೆ ಶಿಸ್ತಿನವಳೆಂದೇ ನನ್ನನ್ನು ತಂಡದ ಲೀಡ್ ಮಾಡಿದರು. ನನ್ನ ಕೈಕೆಳಗೆ ನಾಲ್ವರು ಹೆಣ್ಣುಮಕ್ಕಳು, ಎಲ್ಲರೂ ಆದೋನಿಯ ಸುತ್ತಲಿನ ಹಳ್ಳಿಯವರು. ಅವರಲ್ಲಿ ಕೌತಾಳಂನವಳ ಮಾತು ಇಲ್ಲಿ ಮುಖ್ಯ. ಕುರಿ ಸಾಕುವ ಮನೆಯಲ್ಲಿ ಹುಟ್ಟಿ ಅಂಥದೇ ಮನೆ ಸೇರಿದವಳು, ಒಂದು ಮಗುವಿನ ತಾಯಿ. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು.

ವರ್ಷಕ್ಕೊಮ್ಮೆ ತಂಡದವರಿಗೆ ಸುರಕ್ಷತೆಯ ಪಾಠ ಹೇಳಬೇಕು. ಹೈದರಾಬಾದಿನಿಂದ ಇಂಗ್ಲಿಷಿನ ಸ್ಲೈಡುಗಳು ಬರುತ್ತವೆ. ನಾನು ಅವನ್ನು ಓದಿ, ನನ್ನದೂ ಒಂದಿಷ್ಟು ಸೇರಿಸಿ ಹೇಳುತ್ತೇನೆ. ಆ ವರ್ಷ ಜೋರಿನಿಂದ, "ತಾಳಿ ಯಾರಿಗಾದ್ರೂ ಬಿಚ್ಚಿ ಕೊಡ್ತೀರೇನ್ರೇ? ಪಾಸ್‌ವರ್ಡೂ ಹಂಗೇ!" ಎಂದೆ. ಭಾರೀ ಮಾತಾಡಿದೆ ಎಂದುಕೊಂಡೆ.

ಕೌತಾಳಂನವಳು ಕೈಯೆತ್ತಿದಳು. "ಅಕ್ಕಾ, ತಾಳಿ ಮೂರು ತಿಂಗಳಿಗೊಮ್ಮೆ ಬದ್ಲಿ ಮಾಡ್ತಾರೇನ್ರಿ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಈಗ ನೆನೆದರೆ ನನಗೂ ನಗು ಬರುತ್ತದೆ. ಅವತ್ತು ಬರಲಿಲ್ಲ. ಅದೇ ವಾರ ವಿಡಿಯೋ ಮೀಟಿಂಗಿನಲ್ಲಿ ಅವಳ ಹಿಂದಿನ ಗೋಡೆಯ ಕ್ಯಾಲೆಂಡರಿನ ಮೇಲೆ ಪಾಸ್‌ವರ್ಡ್ ಬರೆದದ್ದು ಕಣ್ಣಿಗೆ ಬಿತ್ತು. ಮನೆದೇವರ ಹೆಸರು, ಮುಂದೆ ಒಂದು ಎರಡು ಮೂರು. ಸಿಕ್ಕಿದ್ದೇ ತಡ, ಎಲ್ಲರ ಎದುರಿಗೇ ಹರಿಹಾಯ್ದೆ. "ಕುರಿ ಎಣಿಸೋದು ಬಿಟ್ಟು ಬಂದೀದಿ, ಬುದ್ಧಿ ಮಾತ್ರ ಅಲ್ಲೇ ಹಟ್ಟ್ಯಾಗ ಬಿಟ್ಟು ಬಂದೀಯೇನು?" ಎಂದೆ. ಅವಳ ಮುಖ ಸಣ್ಣದಾಯಿತು. ಎದ್ದು ಕ್ಯಾಲೆಂಡರು ತಿರುಗಿಸಿ ಹಾಕಿದಳು. ಹುಟ್ಟಿದ ಮನೆಯ ಕಸುಬನ್ನು ಹಿಡಿದು ಆಡುವ ಮಾತೇ ಅದು? ಆಡಿದ್ದೆ. ಕ್ಷಮಿಸು ಅನ್ನಲಿಲ್ಲ, ಶಿಸ್ತು ಕಲಿಸಿದೆ ಎಂದು ಸಮಾಧಾನ ಮಾಡಿಕೊಂಡೆ.

ಇದಾಗಿ ಎರಡು ತಿಂಗಳಿಗೆ ನನಗೆ ಫೋನು ಬಂತು.

ಬೆಳಗಿನ ಹನ್ನೊಂದರ ಹೊತ್ತು. ಹಿಂದಿನ ದಿನ ಒಂದು ಮೇಲ್ ಬಂದಿತ್ತು: ಎಲ್ಲರ ಲ್ಯಾಪ್‌ಟಾಪ್ ಅಪ್‌ಡೇಟ್ ಆಗಲಿದೆ, ಇಲ್ಲಿ ಒತ್ತಿ ನಿಮ್ಮ ಹೆಸರು, ಪಾಸ್‌ವರ್ಡ್ ತುಂಬಿ ಎಂದು. ಕಂಪನಿಯದೇ ಬಣ್ಣ, ಕಂಪನಿಯದೇ ಗುರುತು. ತುಂಬಿದ್ದೆ. ಹಾಗಾಗಿ ಫೋನಿನಲ್ಲಿ ಐಟಿ ಡೆಸ್ಕ್ ಎಂದು ಕೇಳಿದಾಗ ಆಶ್ಚರ್ಯವೇನೂ ಆಗಲಿಲ್ಲ. ಆಶ್ಚರ್ಯ ಆದದ್ದು ಆ ಮಾತಿಗೆ.

"ಅಕ್ಕಾ, ನಮಸ್ಕಾರ್ರೀ. ಐಟಿ ಡೆಸ್ಕಿಂದ ಮಾತಾಡಾಕತ್ತೀನ್ರಿ. ಅಪ್‌ಡೇಟಿಂದು ಮೇಲ್ ಬಂದಿತ್ತಲ್ರೀ, ನೋಡೀರೇನ್ರಿ?"

ಇದನ್ನು ಹೊರಗಿನವರಿಗೆ ಹೇಗೆ ತಿಳಿಸಲಿ? ಇಲ್ಲಿ ನಾವು ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು. ನಾನು ಓದಿದ್ದು ತೆಲುಗಿನಲ್ಲಿ. ಮೇಡಂ ತೆಲುಗು ಮಾತಾಡುತ್ತಾರೆ. ಐಟಿ ಡೆಸ್ಕಿನವರು ಇಂಗ್ಲಿಷ್, ತಪ್ಪಿದರೆ ಹಿಂದಿ. ಅವರಿಗೆ ಫೋನು ಮಾಡುವ ಮೊದಲು ನಾನು ವಾಕ್ಯಗಳನ್ನು ಮನಸ್ಸಿನಲ್ಲಿ ಎರಡು ಸಲ ಹೇಳಿಕೊಳ್ಳುತ್ತೇನೆ. ಆರು ವರ್ಷದ ನೌಕರಿಯಲ್ಲಿ ಕಂಪನಿಯ ಕಡೆಯಿಂದ ಒಬ್ಬರೂ ನನ್ನ ಜೊತೆ ಕನ್ನಡ ಆಡಿರಲಿಲ್ಲ. ಅದೂ ಬೆಂಗಳೂರಿನ ಕನ್ನಡ ಅಲ್ಲ, ನಮ್ಮ ಅಡುಗೆಮನೆಯ ಕನ್ನಡ! ಅಷ್ಟೇ ಅಲ್ಲ, ಮೋಸದ ಫೋನು ಅಂದರೆ ಹಿಂದಿಯಲ್ಲಿ ಬರುತ್ತದೆ, ಬ್ಯಾಂಕಿನವನು ಎಂದು ಹೇಳುತ್ತದೆ ಎಂಬುದು ಇಲ್ಲಿ ಎಲ್ಲರ ತಲೆಯಲ್ಲಿ ಕೂತುಬಿಟ್ಟಿದೆ. ಕನ್ನಡದಲ್ಲಿ ಅಕ್ಕಾ ಎಂದು ಕರೆಯುವವನು ಕಳ್ಳ ಹೇಗಾದಾನು?

ಆದರೂ ನಾನು ಸುಮ್ಮನೆ ನಂಬಲಿಲ್ಲ. ಪರೀಕ್ಷೆ ಮಾಡಿದೆ. ನಮ್ಮಲ್ಲಿ ಅದಕ್ಕೊಂದು ಪದ್ಧತಿಯಿದೆ: ಯಾವ ಊರು, ಯಾವ ಓಣಿ, ಯಾರ ಪೈಕಿ. ಮೂರು ಪ್ರಶ್ನೆಯಲ್ಲಿ ಮನುಷ್ಯನ ಬೇರು ಸಿಕ್ಕಿಬಿಡಬೇಕು.

"ನಮ್ಮ ಕಡಿಯವ್ರೇನು ನೀವು?"

"ಕರ್ನೂಲ್ ಜಿಲ್ಲಾನೇರಿ ಅಕ್ಕಾ."

"ಎಲ್ಲಿ, ಪತ್ತಿಕೊಂಡದ ಕಡಿಗೇನು?"

"ಹೂನ್ರಿ, ಪತ್ತಿಕೊಂಡದ ಕಡಿಗೇರಿ."

ಮೂಲೆಯಲ್ಲಿ ಶೇಂಗಾ ಬಿಡಿಸುತ್ತಿದ್ದ ಅತ್ತೆ ತಟ್ಟನೆ ತಲೆ ಎತ್ತಿದರು. ಅವರ ತವರು ಪತ್ತಿಕೊಂಡ. "ಯಾರಂತ? ಪತ್ತಿಕೊಂಡದವ್ರಾ? ಯಾರ ಪೈಕಿ ಕೇಳು!" ಎಂದು ಮೊರ ಬದಿಗಿಟ್ಟು ಹತ್ತಿರ ಬಂದರು. ಸ್ಪೀಕರ್ ಹಾಕಿದೆ. ಈ ವಿದ್ಯೆಯಲ್ಲಿ ಅವರನ್ನು ಮೀರಿಸುವವರು ನಮ್ಮೂರಲ್ಲಿಲ್ಲ.

"ಯಪ್ಪಾ, ಸಂತಿ ಬಯಲಿನ ಕಡಿಗೇನು ನಿಮ್ಮ ಮನಿ?"

"ಹೂನ್ರಿ ಅಮ್ಮಾ, ಅದೇ ಕಡಿಗೆ."

"ಬಾವಿ ಮುಂದಿನ ಮನಿ? ಎತ್ತಿನ ಯಾಪಾರ ಮಾಡ್ತಿದ್ರು ನೋಡು, ತಲಿಗೆ ದೊಡ್ಡ ಪಟಗಾ ಸುತ್ತಿದ ಮುದುಕ?"

"ನಮ್ಮ ತಾತಾರೇರಿ ಅವ್ರು."

"ಅಯ್ಯ ನನ್ನಪ್ಪಾ!" ಅತ್ತೆಯ ಕಣ್ಣು ತುಂಬಿದವು. "ನಿಮ್ಮ ತಾತ ನಮ್ಮಪ್ಪ ಜೋಡಿ ಎತ್ತಿನಂಗ ಇದ್ರು. ಊರಿಗೆ ಬಂದಾಗ ಮನಿಗೆ ಬಾರಪ್ಪ, ರೊಟ್ಟಿ ಉಂಡು ಹೋಗೀವಂತೆ."

"ಬರ್ತೀನ್ರಿ ಅಮ್ಮಾ, ಖಂಡಿತ ಬರ್ತೀನಿ," ಎಂದ ಅವನು. ಆಮೇಲೆ ನನಗೆ ಹೇಳಿದ, "ಅಕ್ಕಾ, ನಿಮ್ಮ ಫೋನಿಗೊಂದು ಆರಂಕಿ ನಂಬರ್ ಬರ್ತೈತ್ರಿ. ಅದೊಂದು ಹೇಳಿಬಿಡ್ರಿ, ಉಳಿದದ್ದೆಲ್ಲ ನಾನೇ ಇಲ್ಲಿಂದ ಮಾಡ್ತೀನಿ. ನಿಮಗ್ಯಾಕೆ ತ್ರಾಸು?"

ಹೇಳಿದೆ. ಆರೂ ಅಂಕಿಗಳನ್ನು ಒಂದೊಂದಾಗಿ, ಕನ್ನಡದಲ್ಲಿ, ಸಂತೋಷದಿಂದ ಹೇಳಿದೆ. ಅರ್ಧ ತಾಸು ಲ್ಯಾಪ್‌ಟಾಪ್ ಮುಟ್ಟಬೇಡಿ, ಅಪ್‌ಡೇಟ್ ನಡೆಯುತ್ತಿರುತ್ತದೆ ಎಂದು ಅವನು ಫೋನಿಟ್ಟ.

ನಾನು ಎದ್ದು ಚಹಾ ಮಾಡಿದೆ. ಮನಸ್ಸು ಹಗುರಾಗಿತ್ತು. ಕಂಪನಿಯಲ್ಲಿ ನಮ್ಮವನೊಬ್ಬನಿದ್ದಾನೆ, ಇನ್ನು ಇಂಗ್ಲಿಷಿನ ಗೋಳು ತಪ್ಪಿತು ಎಂದುಕೊಂಡೆ. ಅತ್ತೆ ಮಾತ್ರ ಮೊರದ ಮುಂದೆ ಕೂತು ಶೇಂಗಾ ಬಿಡಿಸದೆ ಬಾಗಿಲ ಕಡೆ ನೋಡುತ್ತಿದ್ದರು. ಚಹಾ ಕೊಟ್ಟರೆ ತೆಗೆದುಕೊಳ್ಳಲಿಲ್ಲ.

"ಅಲ್ಲ..." ಎಂದರು, "ಆ ಎತ್ತಿನ ಯಾಪಾರದಾತಗ ಮಕ್ಳೇ ಇದ್ದಿಲ್ಲ."

"ದತ್ತಕ ತಗಂಡಿರಬೇಕು ಬಿಡತ್ತಿ."

"ತಗಂಡಿದ್ರ ನಮಗ ಗೊತ್ತಾಗ್ತಿರಲಿಲ್ಲೇನು? ಆಸ್ತಿಗೆ ಅಣ್ಣತಮ್ಮಂದ್ರು ಹೊಡದಾಡಿದ್ರು."

ಹಿಡಿದಿದ್ದ ಚಹಾ ಕೆಳಗಿಟ್ಟೆ. ಆದರೂ ಮನಸ್ಸು ಒಪ್ಪಲಿಲ್ಲ. ಮುದುಕಿಗೆ ಮರೆವು ಎಂದುಕೊಂಡು, ಸುದ್ದಿ ಹೇಳುವ ನೆವದಲ್ಲಿ ಕೌತಾಳಂನವಳಿಗೆ ಫೋನು ಮಾಡಿದೆ. ಐಟಿಯಲ್ಲಿ ನಮ್ಮ ಪತ್ತಿಕೊಂಡದವನು ಒಬ್ಬ ಸೇರಿದ್ದಾನೆ ನೋಡು ಎಂದೆ.

"ಅಕ್ಕಾ," ಎಂದಳು. "ಬೆಳಿಗ್ಗೆ ಒಂಬತ್ತಕ್ಕ ನನಗೂ ಬಂದಿತ್ರಿ ಆ ಫೋನು. ನನಗ ಕೌತಾಳಂ ಹತ್ರದಾವ ಅಂದ."

"ನೀ ಏನಂದಿ?"

"ನೆಟ್ ಇಲ್ಲಂತ ಹೇಳಿ ಇಟ್ಟುಬಿಟ್ಟೆ. ಯಾಕೋ ಸರಿ ಅನ್ನಿಸಲಿಲ್ಲ."

"ಮತ್ತ ನನಗ್ಯಾಕೆ ಹೇಳಲಿಲ್ಲ?" ದನಿ ಏರಿತು. "ಎರಡು ತಾಸು ಮೊದ್ಲು ಒಂದು ಮಾತು ಹೇಳಿದ್ರ ನಾ ಬೀಳ್ತಿದ್ದಿಲ್ಲಲ್ಲ!"

ಅವಳು ಹೇಳಿದ್ದನ್ನು ನಾನು ಜೀವ ಇರುವ ತನಕ ಮರೆಯುವುದಿಲ್ಲ.

"ನಿನ್ನೆ ಆ ಮೇಲ್ ನಾನು ಒತ್ತಿಬಿಟ್ಟಿದ್ದೆ ಅಕ್ಕಾ. ಫೋನಿಂದು ಹೇಳಿದ್ರ ಅದನ್ನೂ ಹೇಳಬೇಕಾಗ್ತಿತ್ತು. ನೀವು ಬೈತೀರಂತ ಸುಮ್ನಾದೆ."

ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಾನಿಯಲ್ಲಿ ಬಿತ್ತಂತೆ. ಆ ಹಲ್ಲಿ ನಾನೇ. ಅವನು ಉತ್ತರ ಹೇಳಿದನೆಂದು ನಂಬಿದೆನಲ್ಲ, ಯಾವ ಉತ್ತರ ಹೇಳಿದ? ಪತ್ತಿಕೊಂಡ ಎಂದವಳು ನಾನು. ಸಂತೆಬಯಲು, ಬಾವಿ, ಎತ್ತು, ಪಟಗ ಎಲ್ಲ ಅತ್ತೆಯವು. ಪ್ರಶ್ನೆಯೂ ನಮ್ಮದೇ, ಉತ್ತರವೂ ನಮ್ಮದೇ. ಜಿಲ್ಲೆಯ ಹೆಸರೊಂದು ಬಿಟ್ಟರೆ ಅವನ ಬಾಯಿಂದ ಬಂದದ್ದು ಬರೀ ಹೂನ್ರಿ.

ಮುಂದಿನದು ಹೇಳಲು ನಾಚಿಕೆಯಾಗುತ್ತದೆ, ಆದರೆ ಹೇಳಲೇಬೇಕು. ನನಗೆ ಮೊದಲು ಬಂದ ಯೋಚನೆ ರೋಗಿಗಳದ್ದಲ್ಲ, ನನ್ನದು. ರೋಗಿಗಳ ಮಾಹಿತಿ ನಮ್ಮ ತಪ್ಪಿನಿಂದ ಹೊರಗೆ ಹೋದರೆ ಕೆಲಸದಿಂದ ತೆಗೆಯುತ್ತಾರೆ ಎಂಬ ಸ್ಲೈಡನ್ನು ನಾನೇ ಗಟ್ಟಿಯಾಗಿ ಓದಿ ಹೇಳಿದ್ದೆ. ನಲವತ್ತೆರಡು ವರ್ಷ ನನಗೆ. ಔಷಧಿ ಅಂಗಡಿಯ ಕಟ್ಟೆಯ ಮೇಲೆ ದಿನವಿಡೀ ನಿಂತು ಮಂಡಿ ಸವೆದ ಮೇಲೆ ಸಿಕ್ಕ ಕುರ್ಚಿ ಇದು. ಓಣಿಯಲ್ಲಿ ಜನ ನನ್ನನ್ನು ಮೇಡಂ ಅನ್ನುತ್ತಿದ್ದರು. ಹೇಳದಿದ್ದರೆ ಯಾರಿಗೆ ಗೊತ್ತಾಗುತ್ತದೆ? ಲ್ಯಾಪ್‌ಟಾಪ್ ಕೆಟ್ಟಿದೆ ಎಂದರಾಯಿತು. ನಾಳೆ ಏನಾದರೂ ಹೊರಬಿದ್ದರೆ, ಯಾರಿಂದ ಹೋಯಿತೋ ಯಾರಿಗೆ ಗೊತ್ತು. ಆ ಮೇಲ್ ಒತ್ತಿದವಳು ಇನ್ನೊಬ್ಬಳೂ ಇದ್ದಾಳಲ್ಲ ಎಂಬ ಯೋಚನೆಯೂ ಬಂತು. ಬಂತು, ಬಂದದ್ದನ್ನು ಬರಲಿಲ್ಲ ಎಂದು ಹೇಗೆ ಹೇಳಲಿ?

ಫೋನು ಇನ್ನೂ ಕೈಯಲ್ಲೇ ಇತ್ತು, ಅವಳು ಇಟ್ಟಿರಲಿಲ್ಲ. "ಅಕ್ಕಾ, ಕೇಳಾಕತ್ತೀರೇನ್ರಿ?" ಎಂದಳು. "ನಮ್ಮಲ್ಲಿ ಕುರಿ ತಪ್ಪಿದ್ರ ಮೊದ್ಲು ಕೂಗ್ತಾರ್ರೀ. ಕಾಯೋನು ನಿದ್ದಿ ಮಾಡಿದ್ದಾದ್ರೂ ಸರಿ, ಎದ್ದು ಕೂಗಬೇಕು. ತಪ್ಪು ಯಾರ್ದು ಅಂಬೋ ಮಾತು ಕುರಿ ಸಿಕ್ಕಿಂದ ಮ್ಯಾಲೆ. ನೀವು ಕೂಗ್ರಿ ಅಕ್ಕಾ. ನಂದು ನಾ ಹೇಳ್ಕೋತೀನಿ."

ಅವಳ ಹಟ್ಟಿಯ ಬುದ್ಧಿಯನ್ನೇ ನಾನು ಆಡಿಕೊಂಡಿದ್ದೆ.

ಕಂಪನಿಯ ಗುರುತಿನ ಚೀಟಿಯ ಹಿಂದೆ ಅಚ್ಚಾಗಿದ್ದ ನಂಬರಿಗೆ ಫೋನು ಮಾಡಿದೆ. ಎತ್ತಿದವರು ಮೇಡಂಗೆ ಕೊಟ್ಟರು. "ನೇನು ತಪ್ಪು ಚೇಸಾನು ಮೇಡಂ," ಎಂದೆ. ತಪ್ಪು ಮಾಡಿದ್ದೇನೆ ಎಂಬ ಆ ಮಾತನ್ನು ನಾನು ಜೀವನದಲ್ಲಿ ಯಾವ ಭಾಷೆಯಲ್ಲೂ ಅಷ್ಟು ಸುಲಭಕ್ಕೆ ಹೇಳಿದವಳಲ್ಲ. ಕಾಲು ಪೆಡಲಿನ ಮೇಲೆ ಓಡುತ್ತಿತ್ತು. ಮೇಡಂ ಒಂದೇ ಒಂದು ಪ್ರಶ್ನೆ ಕೇಳಿದರು: ನಂಬರು ಕೊಟ್ಟು ಎಷ್ಟು ಹೊತ್ತಾಯಿತು? ಹದಿನೈದು ನಿಮಿಷ ಇರಬೇಕು ಎಂದೆ. ತಕ್ಷಣ ನೆಟ್ ತೆಗೆಯಿರಿ, ಲ್ಯಾಪ್‌ಟಾಪ್ ಮುಚ್ಚಿ, ಯಾವುದನ್ನೂ ಮುಟ್ಟಬೇಡಿ ಎಂದು ಫೋನಿಟ್ಟರು. ನಾನು ಗೋಡೆಯ ಮೇಲಿನ ಡಬ್ಬಿಯ ವೈರನ್ನು ಕಿತ್ತೇಬಿಟ್ಟೆ, ಸುಣ್ಣದ ಸಮೇತ ಬಂತು.

ಆಮೇಲೆ ಐದು ದಿನ ಕೆಲಸವಿಲ್ಲ. ವಿಚಾರಣೆ ಆಗುವ ತನಕ ಮನೆಯಲ್ಲಿರಿ ಎಂದರು. ಮೊದಲ ದಿನ ನಾನು ಹೊರಗೆ ಮುಖ ತೋರಿಸಲಿಲ್ಲ. ಆದರೆ ಅತ್ತೆಯ ಬಾಯಿಗೆ ಬೀಗ ಹಾಕುವವರು ಯಾರು? ಸಂಜೆಯಾಗುವುದರಲ್ಲಿ ಓಣಿಗೆಲ್ಲ ಡಂಗುರ ಸಾರಿ ಬಂದಿದ್ದರು. ನನ್ನ ಸೊಸೆ ಮೋಸ ಹೋದಳು ಎಂದಲ್ಲ. "ನಾವಿಬ್ರೂ ಕೂಡಿ ಮೋಸ ಹೋದ್ವಿ, ಅದರಾಗೂ ನಂದು ಒಂದು ಕೈ ಹೆಚ್ಚು" ಎಂದು. ನಾನು ಕೂಗಾಡಿದೆ. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ.

ಆಗಿದ್ದು ಮಾತ್ರ ಬೇರೆ. ಎರಡನೆಯ ದಿನದಿಂದ ಒಬ್ಬೊಬ್ಬರೇ ನಮ್ಮ ಕಟ್ಟೆಗೆ ಬಂದು ಕೂರತೊಡಗಿದರು. ಹತ್ತಿ ಬೀಜದ ಅಂಗಡಿಯಾತ ತನಗೂ ಅಂಥದೇ ಒಂದು ಆಗಿತ್ತು ಎಂದ, ಹೆಂಡತಿಗೂ ಹೇಳಿರಲಿಲ್ಲವಂತೆ. ಹೈಸ್ಕೂಲಿನ ಟೀಚರಮ್ಮ ಸ್ಕೂಲಿನ ಮೇಲ್ ಯಾರದೋ ಪಾಲಾದದ್ದನ್ನು ಹೇಳಿ ನಾಚಿಕೊಂಡರು. ಎಲ್ಲರೂ ಬಚ್ಚಿಟ್ಟುಕೊಂಡವರೇ! ಅತ್ತೆ ಗಂಭೀರವಾಗಿ ಕೂತು ಎಲ್ಲರಿಗೂ ಒಂದು ಉಪಾಯ ಹೇಳಿಕೊಡುತ್ತಿದ್ದರು. "ಇನ್ ಮ್ಯಾಲೆ ಇಲ್ಲದ ಬಾವಿ ಹೇಳಿ ಕೇಳ್ರಿ. ಹೂಂ ಅಂದ ಅಂದ್ರ, ಕಳ್ಳ." ಅದೂ ಸಾಲದು, ಫೋನಿಟ್ಟು ನಮಗೆ ಗೊತ್ತಿರುವ ನಂಬರಿಗೆ ನಾವೇ ಮಾಡಿ ಕೇಳಬೇಕು ಎಂದು ನಾನು ಒಳಗಿನಿಂದ ಕೂಗಿದೆ. ಸುಮ್ಮನಿರುವುದು ನನ್ನ ಜಾತಕದಲ್ಲಿಲ್ಲ.

ಆರನೆಯ ದಿನ ಆದೋನಿಗೆ ಕರೆಸಿದರು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಹೋದೆ, ದಾರಿಯಲ್ಲಿ ಏನು ಕಂಡಿತೋ ನೆನಪಿಲ್ಲ. ಆಫೀಸಿನ ಕೋಣೆಯಲ್ಲಿ ಒಬ್ಬಳನ್ನೇ ಕೂರಿಸಿದರು. ಪರದೆಯ ಮೇಲೆ ಮೇಡಂ, ಪಕ್ಕದಲ್ಲಿ ಸುರಕ್ಷತೆ ನೋಡಿಕೊಳ್ಳುವ ಸಾಹೇಬರೊಬ್ಬರು. ಅವರು ಇಂಗ್ಲಿಷಿನಲ್ಲಿ ಕೇಳುವುದು, ಮೇಡಂ ತೆಲುಗಿನಲ್ಲಿ ತಿಳಿಸುವುದು.

ಅವರ ಹತ್ತಿರ ಒಂದು ಫೋಟೋ ಇತ್ತು, ತೋರಿಸಿದರು. ನನ್ನದೇ ಫೋಟೋ. ಉತ್ತಮ ತಂಡ ಎಂದು ಬಂದಿದ್ದ ಸರ್ಟಿಫಿಕೇಟು ಹಿಡಿದು, ಹೊಲಿಗೆ ಮಷಿನ್ನಿನ ಮುಂದೆ ನಿಂತು ತೆಗೆಸಿಕೊಂಡು, ಎಲ್ಲರೂ ನೋಡಲಿ ಎಂದು ನಾನೇ ನೆಟ್ಟಿನಲ್ಲಿ ಹಾಕಿದ್ದು, ಕೆಳಗೆ ನಾಲ್ಕು ಸಾಲು ಕನ್ನಡವನ್ನೂ ಬರೆದು. ನನ್ನ ಹಿಂದಿನ ಗೋಡೆಯ ಮೇಲೆ ತಂಡದ ಪಟ್ಟಿ ಅಂಟಿಸಿತ್ತು: ಹೆಸರು, ಊರು, ಫೋನ್ ನಂಬರು. ಒಂದೊಂದು ಅಕ್ಷರವೂ ಸ್ಪಷ್ಟ. ಆ ಕಳ್ಳನಿಗೆ ನಮ್ಮ ಊರು, ನಮ್ಮ ಭಾಷೆ ಗೊತ್ತಾದದ್ದು ಅಲ್ಲಿಂದ. ಕ್ಯಾಲೆಂಡರಿನ ಮೇಲೆ ಬರೆದುಕೊಂಡದ್ದಕ್ಕೆ ಒಬ್ಬಳನ್ನು ಎಲ್ಲರೆದುರು ಹರಿದು ಹಾಕಿದವಳು ನಾನು! ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು.

"ಎಂದುಕು ನಮ್ಮಾರು?" ಎಂದರು ಮೇಡಂ. ಯಾಕೆ ನಂಬಿದಿರಿ? ಬೈಗುಳದ ದನಿಯಲ್ಲಲ್ಲ, ನಿಜವಾಗಿ ತಿಳಿದುಕೊಳ್ಳಬೇಕು ಎಂಬಂತೆ.

ಉತ್ತರ ಸಿದ್ಧಪಡಿಸಿಕೊಂಡು ಹೋಗಿದ್ದೆ. ಎಲ್ಲ ಮರೆತೆ. "ಆರು ವರ್ಷದಲ್ಲಿ ಈ ಕಂಪನಿಯ ಹೆಸರು ಹೇಳಿ ನನ್ನ ಭಾಷೆಯಲ್ಲಿ ಮಾತಾಡಿಸಿದವನು ಅವನೊಬ್ಬನೇ, ಮೇಡಂ," ಎಂದೆ. "ಅವನು ಕಳ್ಳ ಆಗಿದ್ದ."

ಮೇಡಂ ಅದನ್ನು ಸಾಹೇಬರಿಗೆ ಇಂಗ್ಲಿಷಿನಲ್ಲಿ ಹೇಳಿದರು. ಅವರು ಏನೋ ಬರೆದುಕೊಂಡರು. ಆಮೇಲೆ ಎರಡನೆಯ ಪ್ರಶ್ನೆ: ಕೌತಾಳಂನವಳು ತಾನೂ ಆ ಮೇಲ್ ಒತ್ತಿದ್ದಾಗಿ, ಬೆಳಿಗ್ಗೆ ಫೋನು ಬಂದಿದ್ದಾಗಿ ತಿಳಿಸಿದ್ದಾಳೆ, ಎರಡು ತಾಸು ಮುಂಚೆ ಗೊತ್ತಿದ್ದೂ ಹೇಳದೆ ಇದ್ದದ್ದು ಅವಳ ತಪ್ಪಲ್ಲವೇ? ಅವಳು ಇನ್ನೂ ಕಾಂಟ್ರಾಕ್ಟಿನಲ್ಲಿದ್ದಳು. ನಾನು ಹೌದು ಎಂದರೆ ಸಾಕಿತ್ತು, ಅರ್ಧ ಭಾರ ನನ್ನ ತಲೆಯಿಂದ ಇಳಿಯುತ್ತಿತ್ತು.

"ಅವಳು ಸುಮ್ಮನಿದ್ದದ್ದು ನನಗೆ ಹೆದರಿ," ಎಂದೆ. "ನಾನು ಬೈಯುತ್ತೇನೆ ಎಂದು. ಬೈಯುತ್ತಿದ್ದೆ ಕೂಡ. ಅದನ್ನು ಬರೆದುಕೊಳ್ಳಿ. ಅವಳ ಹೆಸರಿನ ಮುಂದೆ ಬೇಡ, ನನ್ನ ಹೆಸರಿನ ಮುಂದೆ ಬರೆದುಕೊಳ್ಳಿ."

ಅಳಲಿಲ್ಲ, ಅಳುವಷ್ಟೇ ಆಗಿತ್ತು. ಸಾಹೇಬರು ಆ ತನಕ ತೆಲುಗು ಬಾರದವರಂತೆ ಕೂತಿದ್ದವರು, ಮೊದಲ ಸಲ ತೆಲುಗಿನಲ್ಲೇ ಮಾತಾಡಿದರು. ಹದಿನೈದು ನಿಮಿಷದಲ್ಲಿ ಹೇಳಿದ್ದಕ್ಕೆ ಅವನಿಗೆ ಒಳಗೆ ಬರುವುದಷ್ಟೇ ಆಯಿತು, ಏನನ್ನೂ ಹೊತ್ತುಕೊಂಡು ಹೋಗಲಾಗಲಿಲ್ಲ ಎಂದರು. ಒಬ್ಬ ರೋಗಿಯ ಕಾಗದವೂ ಹೋಗಿಲ್ಲ. ಕೇಳಿ ಉಸಿರು ಬಂತು. ನಮ್ಮ ಓಣಿಯವರ ಆ ಕಾಗದ ನೆನಪಾಯಿತು. ಕೈ ಮುಗಿದುಬಿಟ್ಟೆ ಪರದೆಗೆ.

ಲೀಡ್ ಕೆಲಸದಿಂದ ನನ್ನನ್ನು ಇಳಿಸಿದರು. ನೌಕರಿ ಉಳಿಯಿತು. ಕೌತಾಳಂನವಳದೂ ಉಳಿಯಿತು. ಇಳಿಸಿದ್ದು ನೋಯಲಿಲ್ಲ ಎಂದರೆ ಸುಳ್ಳು. ಮನೆಗೆ ಬಂದು ಎರಡು ದಿನ ಪಾತ್ರೆಗಳ ಮೇಲೆ ತೀರಿಸಿಕೊಂಡೆ. ಮೂರನೆಯ ದಿನ ಮೇಡಂ ಫೋನು ಮಾಡಿ, ಸುರಕ್ಷತೆಯ ಪಾಠ ಇನ್ನು ಮೇಲೆ ನಿಮ್ಮ ಕಡೆಯವರಿಗೆ ನಿಮ್ಮ ಭಾಷೆಯಲ್ಲೇ ಆಗಬೇಕು, ಮಾಡುತ್ತೀರಾ ಎಂದರು. ಸ್ಲೈಡು ಬೇಡ ಎಂದೆ. ತಾಳಿಯ ಮಾತನ್ನೂ ಬಿಟ್ಟೆ. ಕನ್ನಡ ತೆಲುಗು ಎರಡೂ ಕಲಸಿ, ನಾನು ಬಿದ್ದದ್ದನ್ನು ಮೊದಲಿಂದ ಕೊನೆಯವರೆಗೆ ಹೇಳಿದೆ. ಪರದೆಯ ಮೇಲೆ ಕರ್ನೂಲು, ಆದೋನಿ, ಇನ್ನೂ ಎಲ್ಲೆಲ್ಲಿಯದೋ ಮನೆಗಳ ಗೋಡೆಗಳು, ಅಡುಗೆಮನೆಗಳು, ಮಂಚಗಳು ಕಾಣುತ್ತಿದ್ದವು. ಕೊನೆಗೆ ಕೌತಾಳಂನವಳ ಹೆಸರು ಹಿಡಿದು ಕರೆದು, ಎಲ್ಲರೆದುರು ಆಡಿದ್ದ ಮಾತಿಗೆ ಎಲ್ಲರೆದುರೇ ತಪ್ಪಾಯಿತು ಎಂದೆ. ಅವಳು ಮೈಕು ಮುಚ್ಚಿಕೊಂಡು ಸೆರಗಿನಿಂದ ಮೂಗು ಒರೆಸಿಕೊಂಡಳು.

ಐಟಿ ಡೆಸ್ಕಿನಲ್ಲಿ ಈಗ ಕನ್ನಡ ಬಲ್ಲ ಹೆಣ್ಣುಮಗಳು ಒಬ್ಬಳಿದ್ದಾಳೆ. ಅವಳು ಫೋನು ಮಾಡಿದರೂ ನಾನು ಯಾರ ಪೈಕಿ ಎಂದು ಕೇಳುವುದಿಲ್ಲ. ಇಟ್ಟು, ಚೀಟಿಯ ಹಿಂದಿನ ನಂಬರಿಗೆ ನಾನೇ ವಾಪಸ್ ಮಾಡುತ್ತೇನೆ. ಮೊದಮೊದಲು ಮರ್ಯಾದೆಗೇಡು ಅನ್ನಿಸುತ್ತಿತ್ತು. ಅವಳೇ, "ಛಲೋ ಮಾಡಿದ್ರಿ ಅಕ್ಕಾ, ಹಿಂಗೇ ಮಾಡ್ರಿ," ಎಂದಳು.

ನನ್ನ ಸಿಟ್ಟು ಹೋಯಿತೇ? ಎಲ್ಲಿಂದ ಹೋಗಬೇಕು. ಹೋದ ತಿಂಗಳು ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದೆ, ಎರಡೂ ಕೈಗೆ ಹಿಟ್ಟು. ಫೋನು ಬಡಿದುಕೊಂಡಿತು. ಅತ್ತೆ ಎತ್ತಿ ನನ್ನ ಕಿವಿಗೆ ಹಿಡಿದರು. ಕೌತಾಳಂನವಳು. ಪಾರ್ಸೆಲ್ ಬಂದಿದೆ ಎಂದು ಲ್ಯಾಪ್‌ಟಾಪಿಗೆ ಏನೋ ಮೇಲ್ ಬಂದಿತ್ತಂತೆ, ಮಗು ಎಳೆದಾಡುತ್ತಿದ್ದಾಗ ಒತ್ತಿಬಿಟ್ಟಳಂತೆ.

"ಅಕ್ಕಾ, ಬೈತೀರೇನ್ರಿ?"

"ಬೈತೀನಿ," ಎಂದೆ. "ಮೊದ್ಲು ಹೇಳು, ಒತ್ತಿ ಎಷ್ಟೊತ್ತಾತು?"

"ಬೆರಳು ಇನ್ನಾ ಅದರ ಮ್ಯಾಲೇ ಐತ್ರಿ."